ಚಿಮಣಿಯ ಗಂಧಕ ಎಲ್ಲಿ ಕರಗಬೇಕು? ಎಫ್‌ಜಿಡಿ ವಿನಾಯಿತಿಯ ಒಳಗುಟ್ಟು

2025ರ ಜುಲೈ 11ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ದೇಶದ ಕಲ್ಲಿದ್ದಲು ವಿದ್ಯುತ್ ಘಟಕಗಳಲ್ಲಿ ಸುಮಾರು 78% ಘಟಕಗಳಿಗೆ ಇನ್ನು ಎಫ್‌ಜಿಡಿ, ಅಂದರೆ ಹೊಗೆಯಿಂದ ಗಂಧಕ ತೊಳೆದು ತೆಗೆಯುವ ವ್ಯವಸ್ಥೆ, ಕಡ್ಡಾಯವಲ್ಲ ಎಂದಾಯಿತು. ಒಂದು ಕಡೆಯವರು ‘ಸದ್ಯ, ಕರೆಂಟ್ ದರ ಏರುವುದು ತಪ್ಪಿತು’ ಎಂದರು. ಇನ್ನೊಂದು ಕಡೆಯವರು ‘ಜನರ ಶ್ವಾಸಕೋಶವನ್ನೇ ಅಡ ಇಟ್ಟರು’ ಎಂದರು. ಎರಡೂ ಕಡೆ ವಿಜ್ಞಾನಿಗಳಿದ್ದಾರೆ, ಎರಡೂ ಕಡೆ ಅಂಕಿಅಂಶ ಇದೆ. ಓದುವವರಿಗೆ ತಲೆಕೆಟ್ಟು ಹೋಗುವುದು ಸಹಜ.

ಗೊಂದಲಕ್ಕೆ ಮುಖ್ಯ ಕಾರಣ ಏನೆಂದರೆ, ಇಬ್ಬರೂ ಒಂದೇ ವಸ್ತುವಿನ ಎರಡು ಬೇರೆ ಬೇರೆ ರೂಪಗಳ ಬಗ್ಗೆ ಮಾತಾಡುತ್ತಿದ್ದಾರೆ. ಒಬ್ಬರು ಅನಿಲವಾಗಿರುವ ಗಂಧಕ ಅಳೆಯುತ್ತಾರೆ, ಇನ್ನೊಬ್ಬರು ನೀರಲ್ಲಿ ಕರಗಿ ಕಣವಾದ ಗಂಧಕ ಅಳೆಯುತ್ತಾರೆ. ಹಾಗಾಗಿ ಆಮ್ಲೀಯ ಅನಿಲಗಳು ನೀರಲ್ಲಿ ಹೇಗೆ ಕರಗುತ್ತವೆ ಎಂಬ ಪಿಯುಸಿ ಮಟ್ಟದ ರಸಾಯನಶಾಸ್ತ್ರ ಗೊತ್ತಾಗದೆ ಈ ಜಗಳ ಅರ್ಥವಾಗುವುದಿಲ್ಲ.

ಆದೇಶದಲ್ಲಿ ಇರುವುದೇನು

ಕಲ್ಲಿದ್ದಲಲ್ಲಿ ಸ್ವಲ್ಪ ಗಂಧಕ ಇರುತ್ತದೆ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಹೊಗೆಯ ಜೊತೆ ಹೋಗುತ್ತದೆ. ಆ ಹೊಗೆಯಿಂದ ಗಂಧಕವನ್ನು ತೊಳೆದು ತೆಗೆಯುವ ಘಟಕವೇ ಎಫ್‌ಜಿಡಿ. ಹಾರುಬೂದಿ ಹಿಡಿಯುವ ಯಂತ್ರ ಬೇರೆ, ಅದು ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಆದರೆ ಅದು ಬೂದಿ ಹಿಡಿಯುತ್ತದೆಯೇ ಹೊರತು ಅನಿಲ ಹಿಡಿಯುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಚರ್ಚೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

2015ರ ಡಿಸೆಂಬರ್‌ನಲ್ಲಿ ಸರ್ಕಾರ ಮೊದಲ ಸಲ ಸಲ್ಫರ್ ಡೈಆಕ್ಸೈಡ್‌ಗೆ ಮಿತಿ ಹಾಕಿತು. 500 ಮೆಗಾವಾಟ್‌ಗಿಂತ ಚಿಕ್ಕ ಹಳೆಯ ಘಟಕಗಳಿಗೆ ಘನಮೀಟರ್ ಹೊಗೆಗೆ 600 ಮಿಲಿಗ್ರಾಂ, ದೊಡ್ಡವಕ್ಕೆ 200, 2017ರ ನಂತರ ಬಂದ ಹೊಸ ಘಟಕಗಳಿಗೆ 100. ಗಡುವು ಎರಡು ವರ್ಷ. ಆ ಗಡುವು 2017ರಿಂದ 2022ಕ್ಕೆ ಹೋಯಿತು, ಆಮೇಲೆ ಘಟಕ ಇರುವ ಜಾಗ ನೋಡಿ ವರ್ಗ ಮಾಡಿ ಇನ್ನಷ್ಟು ಮುಂದಕ್ಕೆ ಹೋಯಿತು. ಹತ್ತು ವರ್ಷದ ಕೊನೆಗೆ ಎಫ್‌ಜಿಡಿ ಹಾಕಿದ್ದು ಹತ್ತರಲ್ಲಿ ಒಂದು ಘಟಕವೂ ಅಲ್ಲ.

ಈಗಿನ ಆದೇಶದಲ್ಲಿ ಮೂರು ವರ್ಗಗಳಿವೆ. ದೆಹಲಿ ರಾಜಧಾನಿ ಪ್ರದೇಶದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರದ 10 ಕಿ.ಮೀ. ಒಳಗಿನ ಘಟಕಗಳು ‘ಎ’. ಅವು 2027ರ ಕೊನೆಯೊಳಗೆ ಮಿತಿ ಪಾಲಿಸಲೇಬೇಕು. ತೀವ್ರ ಮಾಲಿನ್ಯದ ಪ್ರದೇಶ ಅಥವಾ ಗಾಳಿಯ ಗುಣಮಟ್ಟದ ಮಾನದಂಡ ಮುಟ್ಟದ ನಗರಗಳ 10 ಕಿ.ಮೀ. ಒಳಗಿನವು ‘ಬಿ’. ಅವಕ್ಕೆ ಬೇಕೋ ಬೇಡವೋ ಎಂದು ತಜ್ಞರ ಸಮಿತಿ ಒಂದೊಂದಾಗಿ ನೋಡಿ ಹೇಳುತ್ತದೆ. ಉಳಿದದ್ದೆಲ್ಲ ‘ಸಿ’. ಅವುಗಳಿಗೆ ಗಂಧಕದ ಮಿತಿಯೇ ಅನ್ವಯಿಸುವುದಿಲ್ಲ. 2029ರ ಡಿಸೆಂಬರ್ ಒಳಗೆ ಚಿಮಣಿ ಎತ್ತರದ ನಿಯಮ ಪಾಲಿಸಿದರೆ ಸಾಕು.

10 ಕಿ.ಮೀ. ಮತ್ತು ಚಿಮಣಿ ಎತ್ತರ, ಇವೆರಡನ್ನೂ ನೆನಪಿಟ್ಟುಕೊಳ್ಳಿ. ಇಡೀ ತಕರಾರು ಇರುವುದು ಅಲ್ಲೇ.

ಎಲ್ಲ ಅನಿಲವೂ ಒಂದೇ ಥರ ಕರಗುವುದಿಲ್ಲ

ಒಂದು ಲೀಟರ್ ನೀರಿನ ಮೇಲೆ ಒಂದು ಅನಿಲವನ್ನು ಮಾತ್ರ ಸಾಮಾನ್ಯ ಒತ್ತಡದಲ್ಲಿ ತುಂಬಿಟ್ಟಿದ್ದೇವೆ, 20 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಆದರೆ ಒಂದು ಲೀಟರ್‌ಗಿಂತ ಸ್ವಲ್ಪ ಕಡಿಮೆ ಕರಗುತ್ತದೆ. ಸಲ್ಫರ್ ಡೈಆಕ್ಸೈಡ್ ಸುಮಾರು 40 ಲೀಟರ್ ಕರಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಆದರೆ 400 ಲೀಟರ್‌ಗೂ ಜಾಸ್ತಿ. ನೈಟ್ರಿಕ್ ಆಕ್ಸೈಡ್ ಮಾತ್ರ ನೀರಿಗೆ ಸೊಪ್ಪು ಹಾಕುವುದಿಲ್ಲ, ಲೀಟರ್‌ನ ಇಪ್ಪತ್ತನೇ ಒಂದು ಪಾಲು ಕರಗಿದರೆ ಹೆಚ್ಚು.

ಇಷ್ಟು ವ್ಯತ್ಯಾಸ ಯಾಕೆ? ಕರಗುವುದು ಎರಡು ಹೆಜ್ಜೆಯ ಕೆಲಸ. ಮೊದಲು ಅನಿಲ ಸುಮ್ನೆ ನೀರಿನೊಳಗೆ ಹೋಗಿ ಕೂರುತ್ತದೆ. ಮೇಲೆ ಒತ್ತಡ ಎಷ್ಟೋ ಒಳಗೆ ಕೂರುವುದೂ ಅಷ್ಟೇ, ಇದನ್ನು 1803ರಲ್ಲೇ ವಿಲಿಯಂ ಹೆನ್ರಿ ತೋರಿಸಿದ್ದ. ಸೋಡಾ ಬಾಟಲಿಯ ಮುಚ್ಚಳ ತೆಗೆದರೆ ಬುಸ್ ಎಂದು ಅನಿಲ ಹೊರಬರುವುದು ಇದೇ ಕಾರಣಕ್ಕೆ. ಆಮ್ಲೀಯ ಅನಿಲಗಳು ಇಷ್ಟಕ್ಕೇ ನಿಲ್ಲದೆ ಎರಡನೇ ಹೆಜ್ಜೆ ಇಡುತ್ತವೆ. ನೀರಿನ ಜೊತೆ ಸೇರಿ ಒಡೆದು, ಹುಳಿ ಕೊಡುವ ಹೈಡ್ರೋಜನ್ ಅಯಾನು ಒಂದು ಕಡೆ, ಉಳಿದ ಭಾಗ ಇನ್ನೊಂದು ಕಡೆ ಆಗುತ್ತವೆ. ಹಾಗೆ ಒಡೆದದ್ದು ಈಗ ಅನಿಲ ಅಲ್ಲ, ಆದ್ದರಿಂದ ತಾನಾಗಿ ಹೊರಗೆ ಹಾರಲು ಆಗುವುದಿಲ್ಲ. ಅದರ ಜಾಗಕ್ಕೆ ಮೇಲಿಂದ ಇನ್ನಷ್ಟು ಅನಿಲ ಇಳಿಯುತ್ತದೆ.

ಹೈಡ್ರೋಜನ್ ಕ್ಲೋರೈಡ್ ಹೆಚ್ಚುಕಡಿಮೆ ಪೂರ್ತಿ ಒಡೆಯುತ್ತದೆ, ಅದಕ್ಕೇ ಅದು ನೀರು ಕಂಡರೆ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ 1863ರ ಆಲ್ಕಲಿ ಕಾಯ್ದೆ, ವಾಷಿಂಗ್ ಸೋಡಾ ತಯಾರಿಸುವ ಕಾರ್ಖಾನೆಗಳು ಈ ಅನಿಲದ 95% ಹಿಡಿಯಲೇಬೇಕು ಎಂದು ಹೇಳಲು ಧೈರ್ಯ ಮಾಡಿದ್ದೂ ಅದಕ್ಕೇ. ಗೋಪುರದ ಮೇಲಿಂದ ನೀರು ಸುರಿದರೆ ಕೆಲಸ ಮುಗಿಯುತ್ತಿತ್ತು. ಸಲ್ಫರ್ ಡೈಆಕ್ಸೈಡ್ ಅಷ್ಟು ಸುಲಭದ್ದಲ್ಲ.

ಬರೀ ನೀರು ಹೊಡೆದರೆ ಯಾಕೆ ಆಗುವುದಿಲ್ಲ

‘ನೀರಲ್ಲಿ ಕರಗುತ್ತದೆ ತಾನೇ, ಹೊಗೆಗೆ ನೀರು ಚಿಮುಕಿಸಿ ಬಿಡಲಿ, ಇಷ್ಟು ದುಡ್ಡು ಯಾಕೆ’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ.

ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಸಾಮಾನ್ಯವಾಗಿ ಅರ್ಧ ಶೇಕಡಾ ಅಥವಾ ಅದಕ್ಕಿಂತ ಕೆಳಗೆ. ಅಸ್ಸಾಂನ ಕಲ್ಲಿದ್ದಲು ಇದಕ್ಕೆ ಹೊರತು. 0.4% ಎಂದು ಇಟ್ಟುಕೊಂಡರೆ ಒಂದು ಟನ್ ಕಲ್ಲಿದ್ದಲಿಗೆ 4 ಕೆ.ಜಿ. ಗಂಧಕ, ಅದು ಉರಿದರೆ 8 ಕೆ.ಜಿ. ಸಲ್ಫರ್ ಡೈಆಕ್ಸೈಡ್. 500 ಮೆಗಾವಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ 300 ಟನ್‌ಗೂ ಹೆಚ್ಚು ಕಲ್ಲಿದ್ದಲು ಸುಡುತ್ತದೆ. ಅಂದರೆ ದಿನಕ್ಕೆ ಸುಮಾರು 60 ಟನ್ ಸಲ್ಫರ್ ಡೈಆಕ್ಸೈಡ್. ಶೇಕಡಾವಾರು ನೋಡಿದರೆ ಕಡಿಮೆ ಅನಿಸುತ್ತದೆ, ಟನ್ ಲೆಕ್ಕದಲ್ಲಿ ಹಾಗಲ್ಲ.

ಆದರೆ ಹೊಗೆಯಲ್ಲಿ ಅದು ಬಹಳ ತೆಳುವಾಗಿ ಹರಡಿರುತ್ತದೆ, ಸುಮಾರು 0.05%. ಒತ್ತಡ ಕಡಿಮೆ ಇದ್ದಷ್ಟೂ ಕರಗುವುದು ಕಡಿಮೆ. ಜೊತೆಗೆ, ಸ್ವಲ್ಪ ಕರಗಿದ ಕೂಡಲೇ ನೀರು ಹುಳಿಯಾಗುತ್ತದೆ, ಹುಳಿ ಏರಿದಂತೆ ಮುಂದಿನ ಅನಿಲ ಒಡೆಯಲು ಒಪ್ಪುವುದಿಲ್ಲ. ತನ್ನ ದಾರಿಗೆ ತಾನೇ ಅಡ್ಡ ನಿಲ್ಲುತ್ತದೆ. ಹುಳಿ ಅಳೆಯುವ ಅಂಕಿ ಪಿಎಚ್, ಅದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ನೀರು 25 ಡಿಗ್ರಿಯಲ್ಲಿದ್ದರೂ ಪಿಎಚ್ 2.5ರ ಹೊತ್ತಿಗೆ ಲೀಟರ್‌ಗೆ ಕಾಲು ಗ್ರಾಂ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಆ ಲೆಕ್ಕದಲ್ಲಿ 60 ಟನ್ ಹಿಡಿಯಲು ದಿನಕ್ಕೆ 24 ಕೋಟಿ ಲೀಟರ್ ನೀರು ಬೇಕು, ಅಷ್ಟೂ ನೀರು ನಿಂಬೆರಸದ ಹತ್ತಿರದ ಹುಳಿಯಾಗಿ ಹೊರಬರುತ್ತದೆ. ಅದನ್ನು ಯಾವ ನದಿಗೆ ಬಿಡುತ್ತೀರಿ? ಅದೂ ಅಲ್ಲದೆ ಹೊಗೆ ಬರುವುದೇ 130 ಡಿಗ್ರಿ ಬಿಸಿಯಲ್ಲಿ. ನೀರು ಬಿಸಿಯಾದಷ್ಟೂ ಕರಗುವುದು ಕಡಿಮೆ. 20 ಡಿಗ್ರಿಯಲ್ಲಿ ಕರಗಿದ್ದರಲ್ಲಿ ಅರ್ಧದಷ್ಟೂ 40 ಡಿಗ್ರಿಯಲ್ಲಿ ಕರಗುವುದಿಲ್ಲ.

ಲಂಡನ್ನಿನ ಬ್ಯಾಟರ್‌ಸೀ ಸ್ಥಾವರದಲ್ಲಿ 1930ರ ದಶಕದಲ್ಲೇ ಥೇಮ್ಸ್ ನದಿಯ ನೀರಿನಿಂದ ಹೊಗೆ ತೊಳೆದಿದ್ದರು. ಅಲ್ಲೂ ನೀರಿಗೆ ಸೀಮೆಸುಣ್ಣ ಬೆರೆಸಬೇಕಾಯಿತು, ಹೊಲಸು ನದಿಗೆ ಹೋಯಿತು, ತಣ್ಣಗಾದ ಹೊಗೆ ಮೇಲೆ ಏರದೆ ಊರಿನ ಮೇಲೆಯೇ ಇಳಿಯಿತು.

ಸುಣ್ಣದ ಕಲ್ಲಿನ ಕೆಲಸ

ಈಗಿನ ಎಫ್‌ಜಿಡಿಯಲ್ಲಿ ಸುಣ್ಣದ ಕಲ್ಲನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಿ ಗೋಪುರದ ಮೇಲಿಂದ ಮಳೆ ಥರ ಸುರಿಸುತ್ತಾರೆ. ಕೆಳಗಿಂದ ಹೊಗೆ ಏರುತ್ತದೆ, ಸುಮಾರು 50 ಡಿಗ್ರಿಗೆ ತಣ್ಣಗಾಗುತ್ತದೆ. ಅನಿಲ ಕರಗಿ ಹುಳಿ ಹುಟ್ಟಿಸಿದ ಕೂಡಲೇ ಸುಣ್ಣ ಆ ಹುಳಿಯನ್ನು ತಿಂದುಹಾಕುತ್ತದೆ. ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದೇ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ 12–14% ಇರುತ್ತದೆ, ಅಂದರೆ ಗಂಧಕದ ಅನಿಲದ ಇನ್ನೂರು ಪಟ್ಟಿಗೂ ಜಾಸ್ತಿ. ಅದೂ ಆಮ್ಲೀಯ ಅನಿಲವೇ. ಅದೇ ಬಂದು ಸುಣ್ಣವನ್ನೆಲ್ಲ ಖಾಲಿ ಮಾಡಬೇಕಿತ್ತು ಅಲ್ವಾ? ಮಾಡುವುದಿಲ್ಲ, ಯಾಕೆಂದರೆ ಗೋಪುರದ ನೀರನ್ನು ಪಿಎಚ್ 5ರಿಂದ 6ರ ನಡುವೆ ಹಿಡಿದಿಡುತ್ತಾರೆ. ಪಿಎಚ್ 5.5ರಲ್ಲಿ ಸಲ್ಫರ್ ಡೈಆಕ್ಸೈಡ್ ಒಡೆಯುವುದರಿಂದ ಅದರ ಕರಗುವಿಕೆ ಸುಮಾರು 5 ಸಾವಿರ ಪಟ್ಟು ಏರುತ್ತದೆ. ಅದೇ ಪಿಎಚ್‌ನಲ್ಲಿ ಕಾರ್ಬನ್ ಡೈಆಕ್ಸೈಡ್‌ನದ್ದು ಏರುವುದು ಬರೀ 15% ಆಸುಪಾಸು. ಅದು ದುರ್ಬಲ ಆಮ್ಲ, ಈಗಾಗಲೇ ಹುಳಿ ಇರುವ ನೀರಲ್ಲಿ ಹೆಚ್ಚುಕಡಿಮೆ ಒಡೆಯುವುದೇ ಇಲ್ಲ. ಪಿಎಚ್ 5ಕ್ಕಿಂತ ಕೆಳಗೆ ಇಳಿದರೆ ಗಂಧಕ ಹಿಡಿಯುವುದು ಕುಂಟುತ್ತದೆ. 6 ದಾಟಿದರೆ ಸುಣ್ಣದ ಕಲ್ಲು ಕರಗುವುದಿಲ್ಲ, ಪೈಪು, ನಳಿಕೆಗಳಲ್ಲೆಲ್ಲ ಗಟ್ಟಿ ಪದರ ಕಟ್ಟುತ್ತದೆ.

ಕೊನೆಗೆ ಗಾಳಿ ಊದಿದರೆ ಎಲ್ಲ ಜಿಪ್ಸಂ ಆಗುತ್ತದೆ. ಒಂದು ಟನ್ ಸಲ್ಫರ್ ಡೈಆಕ್ಸೈಡ್‌ಗೆ ಶುದ್ಧ ಸುಣ್ಣದ ಕಲ್ಲು ಒಂದೂವರೆ ಟನ್‌ಗೆ ಸ್ವಲ್ಪ ಮೇಲೆ ಬೇಕು, ಹುಟ್ಟುವ ಜಿಪ್ಸಂ 2.7 ಟನ್. ಕರಾವಳಿಯಲ್ಲಿ ಸುಣ್ಣವೂ ಬೇಡ, ಸಮುದ್ರದ ನೀರಿಗೇ ಸ್ವಲ್ಪ ಕ್ಷಾರ ಗುಣ ಇದೆ. ಮುಂಬೈನ ಟ್ರಾಂಬೆಯಲ್ಲಿ ಹಾಗೇ ಮಾಡುತ್ತಾರೆ.

ವಿನಾಯಿತಿ ಪರ ಇರುವವರ ಮಾತು

ಇವರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಮೊದಲನೆಯದಾಗಿ, ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ. ಎರಡನೆಯದಾಗಿ, ನಮ್ಮ ಬಹುತೇಕ ನಗರಗಳ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ರಾಷ್ಟ್ರೀಯ ಮಿತಿಯಾದ ಘನಮೀಟರ್‌ಗೆ 80 ಮೈಕ್ರೋಗ್ರಾಂಗಿಂತ ಬಹಳ ಕೆಳಗಿದೆ, ಎಫ್‌ಜಿಡಿ ಇರುವ ಕಡೆಗೂ ಇಲ್ಲದ ಕಡೆಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ಎನ್ನುತ್ತಾರೆ. ಯುರೋಪಿನ ಹಾಗೆ ಇಲ್ಲಿ ಆಮ್ಲ ಮಳೆಯೂ ಬೀಳುತ್ತಿಲ್ಲ. ಇದೂ ನಿಜ. ಕಾರ್ಬನ್ ಡೈಆಕ್ಸೈಡ್ ಒಂದೇ ಇದ್ದರೂ ಮಳೆನೀರಿನ ಪಿಎಚ್ 5.6 ಇರುತ್ತದೆ, ನಮ್ಮಲ್ಲಿ ಎಷ್ಟೋ ಕಡೆ ಅದಕ್ಕಿಂತ ಮೇಲೇ ಇರುತ್ತದೆ, ಯಾಕೆಂದರೆ ನಮ್ಮ ಮಣ್ಣಿನ ಧೂಳಲ್ಲಿ ಸುಣ್ಣದ ಅಂಶ ಇದೆ.

ಆಮೇಲೆ ದುಡ್ಡಿನ ಮಾತು. ಒಂದು ಮೆಗಾವಾಟ್‌ಗೆ ಸುಮಾರು ಒಂದು ಕೋಟಿ ರೂಪಾಯಿ ಮೇಲೆ ಖರ್ಚು, ಎಲ್ಲ ಸೇರಿದರೆ ಎರಡು ಲಕ್ಷ ಕೋಟಿ ದಾಟುತ್ತದೆ. ಈ ಹೊರೆ ತಪ್ಪಿದರೆ ಯೂನಿಟ್‌ಗೆ 25–30 ಪೈಸೆ ಉಳಿಯುತ್ತದೆ ಎಂದು ಉದ್ಯಮದವರು ಹೇಳುತ್ತಾರೆ.

ಇನ್ನೊಂದು ವಾದ ಬಂದಿದ್ದು ಬೆಂಗಳೂರಿನಿಂದಲೇ. ಐಐಎಸ್‌ಸಿ ಆವರಣದಲ್ಲಿರುವ ನಿಯಾಸ್ ಸಂಸ್ಥೆಯ ಅಧ್ಯಯನದ ಪ್ರಕಾರ, ಉಳಿದ ಸ್ಥಾವರಗಳಿಗೆಲ್ಲ ಎಫ್‌ಜಿಡಿ ಹಾಕಿದರೆ 2025ರಿಂದ 2030ರೊಳಗೆ 1.7 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆದರೆ 6.9 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೊಸದಾಗಿ ಸೇರುತ್ತದೆ. ಇದು ಎಲ್ಲಿಂದ ಬರುತ್ತದೆ ಎಂದರೆ, ಸುಣ್ಣದ ಕಲ್ಲು ಹುಳಿಯನ್ನು ತಿಂದಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಒಂದು ಅಣುವಿಗೆ ಒಂದು ಅಣು. ತೂಕದಲ್ಲಿ 64 ಗ್ರಾಂ ಹಿಡಿದರೆ 44 ಗ್ರಾಂ ಬಿಡುಗಡೆ. ಹಾಗೆ ನೋಡಿದರೆ 1.7 ಕೋಟಿ ಟನ್‌ಗೆ 1.2 ಕೋಟಿ ಟನ್ ಮಾತ್ರ ರಸಾಯನಶಾಸ್ತ್ರದ ಪಾಲು. ಉಳಿದದ್ದು ಪಂಪು, ಫ್ಯಾನು ಓಡಿಸಲು ಬೇಕಾದ ಹೆಚ್ಚುವರಿ ವಿದ್ಯುತ್, ಕಲ್ಲು ತೆಗೆಯುವುದು, ಸಾಗಿಸುವುದು ಇತ್ಯಾದಿ. ದೇಶದ ಕಲ್ಲಿದ್ದಲು ಸ್ಥಾವರಗಳು ವರ್ಷಕ್ಕೆ 100 ಕೋಟಿ ಟನ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ, ಕೆಲವು ವರ್ಷಗಳಲ್ಲಿ ಹರಡಿದ ಈ 6.9 ಕೋಟಿ ಸುದ್ದಿಯ ಶೀರ್ಷಿಕೆಯಲ್ಲಿ ಕಂಡಷ್ಟು ದೊಡ್ಡದಲ್ಲ.

ಎದುರು ವಾದ: ಅನಿಲ ಮಾಯವಾಗಿದ್ದು ಎಲ್ಲಿಗೆ?

ವಿರೋಧಿಸುವವರು ಕೇಳುವುದು ಒಂದೇ ಪ್ರಶ್ನೆ. ದಿನಕ್ಕೆ ಇಷ್ಟು ಟನ್ ಬಿಟ್ಟ ಮೇಲೂ ನಗರದ ಗಾಳಿಯಲ್ಲಿ ಅದು ಕಡಿಮೆ ಕಾಣುತ್ತಿದ್ದರೆ, ಉಳಿದದ್ದು ಏನಾಯಿತು?

ಒಂದಿಷ್ಟು ದೂರ ಹೋಗಿ ಚದುರಿತು, ಸರಿ. ಇನ್ನೊಂದಿಷ್ಟು ಕರಗಿತು. ಗೋಪುರದಲ್ಲಿ ಕರಗಲಿಲ್ಲ, ಆಕಾಶದಲ್ಲಿ ಕರಗಿತು. ಮೋಡ, ಮಂಜಿನ ಹನಿಗಳೂ ನೀರೇ. ಸಲ್ಫರ್ ಡೈಆಕ್ಸೈಡ್ ಅವುಗಳ ಒಳಗೆ ಇಳಿಯುತ್ತದೆ, ಗಾಳಿಯಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಥರದ ವಸ್ತುಗಳು ಅದನ್ನು ಸಲ್ಫೇಟ್ ಮಾಡುತ್ತವೆ. ಗೊಬ್ಬರ, ಸಗಣಿಯಿಂದ ಏಳುವ ಅಮೋನಿಯ ನಮ್ಮ ಗಾಳಿಯಲ್ಲಿ ಧಾರಾಳವಾಗಿದೆ. ಸಲ್ಫೇಟ್ ಅದರ ಜೊತೆ ಸೇರುತ್ತದೆ. ಹನಿ ಆರಿದಾಗ ಉಳಿಯುವುದು ಅಮೋನಿಯಂ ಸಲ್ಫೇಟ್‌ನ ಅತಿಸಣ್ಣ ಕಣ. ಗಾಳಿಯಲ್ಲಿ ತೇಲುವ ಅತಿಸಣ್ಣ ಕಣಗಳಿಗೆ ಪಿಎಂ 2.5 ಎನ್ನುತ್ತಾರೆ, ಇದು ಅದರ ಒಂದು ಪಾಲು. ಆ ಪಾಲು ಎಷ್ಟು ಎನ್ನುವುದರಲ್ಲೇ ಜಗಳ. ಸರ್ಕಾರ ಚಿಕ್ಕದು ಎನ್ನುತ್ತದೆ, ಸಿಆರ್‌ಇಎ ಥರದ ಸಂಶೋಧನಾ ಸಂಸ್ಥೆಗಳು ಕಡೆಗಣಿಸುವಷ್ಟು ಚಿಕ್ಕದಲ್ಲ ಎನ್ನುತ್ತವೆ.

ಆಮ್ಲ ಮಳೆ ಇಲ್ಲ ಎಂಬ ವಾದ ದಾರಿ ತಪ್ಪಿಸುವುದೂ ಇಲ್ಲೇ. ಧೂಳು, ಅಮೋನಿಯ ಹುಳಿಯನ್ನು ಕೊಲ್ಲುತ್ತವೆ, ಸಲ್ಫೇಟನ್ನು ಕೊಲ್ಲುವುದಿಲ್ಲ. ಪಿಎಚ್ ಚೆನ್ನಾಗಿದೆ ಎಂದರೆ ಕಣ ಇಲ್ಲ ಎಂದರ್ಥ ಅಲ್ಲ.

ದೇಹದೊಳಗೂ ಇದೇ ವ್ಯತ್ಯಾಸ. ಚೆನ್ನಾಗಿ ಕರಗುವ ಅನಿಲವಾದ್ದರಿಂದ ಸಲ್ಫರ್ ಡೈಆಕ್ಸೈಡ್ ಬಹುಪಾಲು ಮೂಗು, ಗಂಟಲಿನ ತೇವದಲ್ಲೇ ಕರಗಿ ನಿಲ್ಲುತ್ತದೆ. ಉರಿ, ಕೆಮ್ಮು, ಅಸ್ತಮಾ ಇದ್ದವರಿಗೆ ಉಸಿರು ಕಟ್ಟುವುದು ಅದರಿಂದ. ಸಲ್ಫೇಟ್ ಕಣ ಮಾತ್ರ ಈ ಕಾವಲು ದಾಟಿ ಶ್ವಾಸಕೋಶದ ತಳಕ್ಕೆ ಹೋಗುತ್ತದೆ.

10 ಕಿ.ಮೀ. ಗೆರೆ ಎಲ್ಲಿಂದ ಬಂತು

ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಸಾಮಾನ್ಯವಾಗಿ ಒಂದೆರಡು ದಿನ ಬದುಕುತ್ತದೆ. ಮೋಡ ಸಿಕ್ಕರೆ ಬೇಗ ಕರಗುತ್ತದೆ, ಒಣ ಹವೆಯಲ್ಲಿ ನಿಧಾನ. ಗಂಟೆಗೆ 15 ಕಿ.ಮೀ. ಗಾಳಿ ಬೀಸಿದರೂ ಒಂದು ದಿನಕ್ಕೆ 360 ಕಿ.ಮೀ. ದಾಟಿರುತ್ತದೆ. ಅಂದರೆ ಅನಿಲ ಕಣವಾಗುವ ಹೊತ್ತಿಗೆ ಅದು ಚಿಮಣಿಯ ಹತ್ತಿರ ಇರುವುದೇ ಇಲ್ಲ.

ಹಾಗಾಗಿ 10 ಕಿ.ಮೀ. ಗೆರೆ ಅನಿಲಕ್ಕೆ ಸರಿಹೊಂದುತ್ತದೆ, ಕಣಕ್ಕೆ ಹೊಂದುವುದಿಲ್ಲ. ತಮಾಷೆ ಎಂದರೆ ಎತ್ತರದ ಚಿಮಣಿಯ ಷರತ್ತು ಅದಕ್ಕೂ ಉಲ್ಟಾ ಕೆಲಸ ಮಾಡುತ್ತದೆ. ನಮ್ಮ ದೊಡ್ಡ ಘಟಕಗಳ ಚಿಮಣಿ 275 ಮೀಟರ್ ಇರುತ್ತದೆ. ಹತ್ತಿರದ ಊರಿನ ಮೇಲೆ ಅನಿಲ ಇಳಿಯದಂತೆ ಅದು ನೋಡಿಕೊಳ್ಳುತ್ತದೆ, ಒಪ್ಪೋಣ. ಆದರೆ ಹೊರಬರುವ ಗಂಧಕದಲ್ಲಿ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ದೂರಕ್ಕೆ ಕಳಿಸುತ್ತದೆ, ಕರಗಲು ಸಮಯ ಕೊಡುತ್ತದೆ. ಯುರೋಪ್ ಈ ಪಾಠವನ್ನು ಕಷ್ಟಪಟ್ಟು ಕಲಿತಿತ್ತು. ಅಲ್ಲಿನ ಎತ್ತರದ ಚಿಮಣಿಗಳ ಗಂಧಕ ಸ್ವೀಡನ್, ನಾರ್ವೆಯ ಕೆರೆಗಳನ್ನು ಹುಳಿ ಮಾಡಿತು, ಮೀನು ಸತ್ತವು. 1979ರಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಗಡಿ ದಾಟುವ ಮಾಲಿನ್ಯದ ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂತು. ನಮ್ಮ ಕೆರೆಗಳು ಹಾಗೆ ಹುಳಿಯಾಗಲಿಕ್ಕಿಲ್ಲ, ಆದರೆ ಗಂಧಕ ದೂರ ಹೋಗುವ ಲೆಕ್ಕ ಅದೇ.

ಎಲ್ಲ ಘಟಕಗಳಿಗೂ ಒಂದೇ ಸಲ ಎಫ್‌ಜಿಡಿ ಹಾಕಬೇಕು ಎಂಬ ಹಠಕ್ಕೆ ಬಲವಾದ ಕಾರಣ ಕಾಣುವುದಿಲ್ಲ. ಮುದಿ ಘಟಕಕ್ಕೆ ಕೋಟಿಗಟ್ಟಲೆ ಸುರಿಯುವುದು ದಂಡ. ಆದರೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಆರಿಸುವಾಗ ಗಾಳಿಯ ದಿಕ್ಕು, ತೇವಾಂಶ, ಅಮೋನಿಯ, ಒಂದೇ ಕಡೆ ಎಷ್ಟು ಘಟಕ ಗುಂಪಾಗಿವೆ ಎಂಬುದನ್ನು ನೋಡಬೇಕಿತ್ತು. ನಗರದಿಂದ ಎಷ್ಟು ದೂರ ಎಂದು ಟೇಪು ಹಿಡಿಯುವುದು ಸುಲಭದ ದಾರಿ, ಸರಿಯಾದದ್ದಲ್ಲ.

ನಮ್ಮ ರಾಯಚೂರು, ಬಳ್ಳಾರಿ ಕಥೆ

ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ನಗರದ 10 ಕಿ.ಮೀ. ಒಳಗೆ ಕಲ್ಲಿದ್ದಲು ಸ್ಥಾವರ ಇಲ್ಲ. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವಾಟ್, ಯರಮರಸ್‌ನ ವೈಟಿಪಿಎಸ್ 1,600, ಕುಡತಿನಿಯ ಬಿಟಿಪಿಎಸ್ 1,700, ಕೂಡಗಿಯ ಎನ್‌ಟಿಪಿಸಿ 2,400. ಒಂದೂ ‘ಎ’ ವರ್ಗಕ್ಕೆ ಬರುವುದಿಲ್ಲ. ಇವೆಲ್ಲ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಒಣ ಬಯಲಿನಲ್ಲಿವೆ. ಇಲ್ಲಿನ ಜನರಿಗೆ ಕಣ್ಣಿಗೆ ಕಾಣುವ ಕಾಟ ಹಾರುಬೂದಿ. ಗಂಧಕ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ಹೋರಾಟವೂ ಇಲ್ಲ. ಶಕ್ತಿನಗರದಿಂದ ಹೈದರಾಬಾದ್ 200 ಕಿ.ಮೀ. ಆಸುಪಾಸು. ನೈರುತ್ಯ ಮುಂಗಾರಿನ ಗಾಳಿ ಬೀಸುವುದೂ ಆ ಕಡೆಗೇ, ಅದೂ ಮೋಡ ತುಂಬಿಕೊಂಡು.

ಇಲ್ಲಿ ಎಫ್‌ಜಿಡಿಗೆ ಇರುವ ನಿಜವಾದ ತೊಡಕು ನೀರು. ಬಿಸಿ ಹೊಗೆ ತಣ್ಣಗಾಗುವಾಗ ಬಹಳ ನೀರು ಆವಿಯಾಗಿ ಹೋಗುತ್ತದೆ, ಚಿಮಣಿಯ ಬಾಯಲ್ಲಿ ದಟ್ಟ ಬಿಳಿ ಹೊಗೆ ಕಾಣುವುದು ಇದೇ. ಬೇಸಿಗೆಯ ಕೃಷ್ಣೆಯಲ್ಲಿ ಅಷ್ಟು ಹೆಚ್ಚುವರಿ ನೀರು ಹುಡುಕುವುದು ಸಣ್ಣ ಮಾತಲ್ಲ. ಅನುಕೂಲವೂ ಒಂದಿದೆ. ಕಲಬುರಗಿಯ ಸೇಡಂ, ವಾಡಿ, ಮಳಖೇಡ ಸುತ್ತ ಸುಣ್ಣದ ಕಲ್ಲೂ ಇದೆ, ಜಿಪ್ಸಂ ಬೇಕೆನ್ನುವ ಸಿಮೆಂಟ್ ಕಾರ್ಖಾನೆಗಳೂ ಇವೆ. ಎಫ್‌ಜಿಡಿಗೆ ಸಿಮೆಂಟಿಗಿಂತ ಶುದ್ಧವಾದ ಕಲ್ಲು ಬೇಕಾಗುತ್ತದೆ ಎಂಬುದು ಬೇರೆ ಮಾತು.

ಮುಂದೇನಾಗಬಹುದು

‘ಬಿ’ ವರ್ಗದ ಘಟಕಗಳ ಬಗ್ಗೆ ತಜ್ಞರ ಸಮಿತಿ ಏನು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಅಲ್ಲಿ ಸಲ್ಫೇಟ್ ಕಣದ ಲೆಕ್ಕ ಕೇಳಿದರೆ ಚರ್ಚೆ ಸರಿದಾರಿಗೆ ಬರುತ್ತದೆ, ಬರೀ ಅನಿಲದ ಲೆಕ್ಕ ಕೇಳಿದರೆ ಬಹುತೇಕ ಘಟಕಗಳು ಪಾರಾಗುತ್ತವೆ.

ಕರೆಂಟ್ ಬಿಲ್ ಇಳಿಯುತ್ತದೆ ಎಂದು ಕಾಯುವುದು ಬೇಡ. ನಮ್ಮಲ್ಲಿ ಹೆಚ್ಚಿನ ಘಟಕಗಳಿಗೆ ಎಫ್‌ಜಿಡಿ ಬಂದೇ ಇರಲಿಲ್ಲ, ಆ ಖರ್ಚು ಬಿಲ್‌ಗೆ ಸೇರಿಯೇ ಇಲ್ಲ. ಏರಬಹುದಾಗಿದ್ದು ಏರುವುದಿಲ್ಲ, ಅಷ್ಟೇ.

ಜಾಸ್ತಿ ಇಕ್ಕಟ್ಟಿಗೆ ಸಿಲುಕಿದವರು ಮೊದಲೇ ನಿಯಮ ಪಾಲಿಸಿದವರು. ವಿದ್ಯುತ್ ಕೊಳ್ಳುವಾಗ ಯಾರ ಯೂನಿಟ್ ಅಗ್ಗವೋ ಅವರದ್ದನ್ನು ಮೊದಲು ಓಡಿಸುವುದು ಪದ್ಧತಿ. ಸುಣ್ಣದ ಕಲ್ಲು, ನೀರು, ಪಂಪಿನ ಕರೆಂಟು ಎಲ್ಲ ಸೇರಿ ಎಫ್‌ಜಿಡಿ ಓಡಿಸುವ ಘಟಕದ ಯೂನಿಟ್ ಕೆಲವು ಪೈಸೆ ದುಬಾರಿ. ಪಕ್ಕದ ‘ಸಿ’ ವರ್ಗದ ಘಟಕಕ್ಕೆ ಆ ಖರ್ಚಿಲ್ಲ. ಹೀಗಾಗಿ ತೊಳೆದ ಹೊಗೆಯ ಘಟಕ ಹಿಂದಿನ ಸಾಲಿಗೆ ಹೋಗಿ, ತೊಳೆಯದ ಘಟಕ ಮುಂದಿನ ಸಾಲಿಗೆ ಬರುವ ಸಾಧ್ಯತೆ ಇದೆ. ‘ಸಿ’ ವರ್ಗದಲ್ಲೇ ಇದ್ದು ಎಫ್‌ಜಿಡಿ ಹಾಕಿಕೊಂಡವರು ಅದನ್ನು ಓಡಿಸುತ್ತಾರೋ, ಪಂಪು ನಿಲ್ಲಿಸಿ ಸುಮ್ಮನಾಗುತ್ತಾರೋ ಎಂಬುದು ಈಗ ವಿದ್ಯುತ್ ನಿಯಂತ್ರಣ ಆಯೋಗಗಳು ಆ ಖರ್ಚನ್ನು ದರದಲ್ಲಿ ಎಷ್ಟು ಒಪ್ಪುತ್ತವೆ ಎನ್ನುವುದರ ಮೇಲೆ ನಿಂತಿದೆ.